ಕಿನ್ನಾಳ ರಸ್ತೆಯಲ್ಲಿ ಬೈಕ್ ನಿಲ್ಲಿಸಿದ ಅಣ್ಣನಿಗೆ

ಹೋದ ಸೋಮವಾರ ಬೆಳಿಗ್ಗೆ ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಇಳಿದು, ಬಸ್ ಸಿಗದೆ ಕಿನ್ನಾಳ ರಸ್ತೆಯಲ್ಲಿ ಅಳುತ್ತಾ ನಿಂತಿದ್ದವಳು ನಾನೇ ಅಣ್ಣ. ನಿಮ್ಮ ಹೆಸರು ಕೇಳಲೂ ಆಗಲಿಲ್ಲ. ಬೈಕಿನ ಹಿಂದೆ ಕಟ್ಟಿದ್ದ ಮೇವಿನ ಹೊರೆ ಬಿಚ್ಚಿ ಗೂಡಂಗಡಿ ಪಕ್ಕ ಇಟ್ಟು, "ಹತ್ರಿ ಅಕ್ಕಾ, ಮಣ್ಣಿಗೆ ಮುಟ್ಟಿಸ್ತೀನಿ" ಅಂದಿರಿ. ದಾರಿಯುದ್ದಕ್ಕೂ ಒಂದು ಮಾತೂ ಕೇಳಲಿಲ್ಲ.

ತೀರಿಕೊಂಡವರು ನಮ್ಮ ಅಕ್ಕೋರು. ನಮ್ಮ ಕಡೆ ಟೀಚರನ್ನು ಹಾಗೇ ಕರೆಯೋದು ಅಲ್ವಾ. 1997ರಲ್ಲಿ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆ ಆದಾಗ, ಅವರು ಗೋಡೆಯ ಹಳೇ ನಕಾಶೆ ಬಿಚ್ಚಿ ನೆಲಕ್ಕೆ ಹಾಸಿ, ನನಗೆ ಕೆಂಪು ಪೆನ್ಸಿಲ್ ಕೊಟ್ಟು, ಕೈ ಹಿಡಿದು ಹೊಸ ಗಡಿ ಎಳೆಸಿದರು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಒಳಗೆ ಬರುವ ಹಾಗೆ. ಸೀಮೆಸುಣ್ಣ ಹತ್ತಿದ ಆ ಬೆರಳುಗಳು ನನಗೆ ಈಗಲೂ ಕಾಣುತ್ತವೆ. ಅವರ ಮೇಜಿನ ಮೇಲೆ ಕಿನ್ನಾಳದ ಮರದ ಗಿಳಿ ಇತ್ತು. ವಾರ ಪೂರ್ತಿ ತಪ್ಪದೆ ಶಾಲೆಗೆ ಬಂದವರು ಶನಿವಾರ ಅದನ್ನು ಮನೆಗೆ ಒಯ್ಯಬಹುದಿತ್ತು. ಸುಗ್ಗಿಯಲ್ಲಿ ಹೊಲಕ್ಕೆ ಹೋಗಬೇಕಾದ ನಾನು ಆ ಗಿಳಿಗಾಗಿಯೇ ಹಟ ಮಾಡಿ ಶಾಲೆಗೆ ಓಡುತ್ತಿದ್ದೆ.

ನಿಮ್ಮಿಂದಾಗಿ ಅವರ ಮುಖ ನೋಡಲು ಸಿಕ್ಕಿತು. ತಲೆ ಹತ್ತಿರ ಅದೇ ಗಿಳಿ ಇಟ್ಟಿದ್ದರು, ಕೊಕ್ಕಿನ ಬಣ್ಣ ಪೂರ್ತಿ ಹೋಗಿತ್ತು.

ಹೊರಗೆ ಬಂದು ನೋಡಿದರೆ ನೀವಿಲ್ಲ. ಪೆಟ್ರೋಲಿಗೆ ಅಂತ ಹಿಡಿದಿದ್ದ ನೂರು ರೂಪಾಯಿ ಕೈಯಲ್ಲೇ ಉಳಿಯಿತು. ಆ ಮೇವು ಯಾರೂ ಒಯ್ಯದೆ ನಿಮಗೆ ಹಾಗೇ ಸಿಕ್ಕಿತಾ? ತುಂಬಾ ಧನ್ಯವಾದ ಅಣ್ಣ.