ಯಹೂದಿ ಮ್ಯೂಸಿಯಂ ನಮ್ಮ ಬೆನ್ನು ತಟ್ಟಿಕೊಳ್ಳುವುದಕ್ಕಲ್ಲ

ಮಾನ್ಯ ಸಂಪಾದಕರಿಗೆ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಕೊಚ್ಚಿ ಪ್ರವಾಸದ ಲೇಖನ ಓದಿದೆ. ಬರಹ ಸೊಗಸಾಗಿದೆ, ಫೋಟೊಗಳು ಇನ್ನೂ ಚೆನ್ನಾಗಿವೆ. ಆದರೆ ಮಟ್ಟಾಂಚೇರಿಯ ಜ್ಯೂ ಟೌನ್, ಅಂದರೆ ಹಳೆಯ ಯಹೂದಿ ಕೇರಿ, ದಾಟುವ ಹೊತ್ತಿಗೆ ಲೇಖಕರು ತೀರ್ಪನ್ನೇ ಕೊಟ್ಟುಬಿಟ್ಟಿದ್ದಾರೆ. ಜಗತ್ತೆಲ್ಲ ಯಹೂದಿಗಳನ್ನು ಅಟ್ಟಾಡಿಸಿದಾಗ ನಾವು ಮಾತ್ರ ಕೂದಲೂ ಕೊಂಕದಂತೆ ನೋಡಿಕೊಂಡೆವು, ಅಲ್ಲಿನ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಅದಕ್ಕೆ ಸಾಕ್ಷಿ ಅಂತ. ಅಲ್ಲಿಗೆ ಕಥೆ ಮುಗಿಯಿತು. ಮುಂದಿನ ಸಾಲಿನಲ್ಲಿ ಕರಿಮೀನ್.

ಈ ಮಾತಿನಲ್ಲಿ ಸತ್ಯವಿಲ್ಲ ಎಂದು ನಾನು ಹೇಳುವುದಿಲ್ಲ. ಸುಮಾರು ಕ್ರಿ.ಶ. 1000ದ ಹೊತ್ತಿಗೆ ಭಾಸ್ಕರ ರವಿವರ್ಮ ಎಂಬ ದೊರೆ ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ 72 ಹಕ್ಕುಗಳನ್ನು ತಾಮ್ರದ ಹಲಗೆಯಲ್ಲಿ ಕೆತ್ತಿಸಿಕೊಟ್ಟ. ಮುಂದೆ ಕೊಡುಂಗಲ್ಲೂರಿನಿಂದ ಓಡಿಬಂದವರಿಗೆ ಕೊಚ್ಚಿಯ ರಾಜ ತನ್ನ ಅರಮನೆಯ ಪಕ್ಕದಲ್ಲೇ ಜಾಗ ಕೊಟ್ಟ. 1568ರಲ್ಲಿ ಅಲ್ಲಿ ಎದ್ದದ್ದೇ ಇವತ್ತಿನ ಪರದೇಸಿ ಸಿನಗಾಗ್. ಆದರೆ ಅದೇ ಸಿನಗಾಗನ್ನು 1662ರಲ್ಲಿ ಪೋರ್ಚುಗೀಸರು ಸುಟ್ಟರು. ಡಚ್ಚರು ಬಂದ ಮೇಲೆ ಮತ್ತೆ ಕಟ್ಟಿಕೊಂಡರು. ಕೂದಲು ಕೊಂಕಲಿಲ್ಲ ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು.

ನನ್ನ ತಕರಾರು ಇರುವುದು ಬೇರೆ ಕಡೆ. ಯಹೂದಿಗಳ ಚರಿತ್ರೆಗೆಂದು ಇರುವ ಜಾಗಕ್ಕೆ ಹೋಗಿ ನಮ್ಮ ಒಳ್ಳೆಯತನವನ್ನಷ್ಟೇ ನೋಡಿಕೊಂಡು ಬಂದರೆ, ಅವರನ್ನು ನೋಡಿದ್ದು ಯಾವಾಗ?

ಲೇಖಕರು ಎರ್ನಾಕುಳಂನಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ ಉತ್ತರಕ್ಕೆ ಹೋಗಿದ್ದರೆ ಪರವೂರು ಸಿಗುತ್ತಿತ್ತು. ಅಲ್ಲಿನ ಸಿನಗಾಗನ್ನೂ ಹತ್ತಿರದ ಚೇಂದಮಂಗಲಂನ ಸಿನಗಾಗನ್ನೂ ಕೇರಳ ಸರ್ಕಾರ ದುರಸ್ತಿ ಮಾಡಿಸಿ ಮ್ಯೂಸಿಯಂ ಮಾಡಿದೆ. ಮಟ್ಟಾಂಚೇರಿಯಲ್ಲಿ ಚೀನಾದ ನೀಲಿ ಹೆಂಚಿನ ನೆಲ, ಮೇಲೆ ಬೆಲ್ಜಿಯಂ ಗಾಜಿನ ದೀಪಗಳು. ಜನ ತಲೆ ಎತ್ತಿ ನೋಡಿ, ತಲೆ ತಗ್ಗಿಸಿ ನೋಡಿ, ಹತ್ತು ನಿಮಿಷದಲ್ಲಿ ಹೊರಗೆ ಬರುತ್ತಾರೆ. ಪರವೂರಿನಲ್ಲಿ ಅಂಥ ಥಳುಕಿಲ್ಲ. ರಸ್ತೆಯಿಂದ ನೋಡಿದರೆ ಮಲಬಾರಿನ ಹಳೆಯ ತೊಟ್ಟಿಮನೆಯ ಹೆಬ್ಬಾಗಿಲು ಅನ್ನಿಸುತ್ತದೆ. ಸುಣ್ಣದ ಗೋಡೆ, ಹೆಂಚಿನ ಮಾಡು. ಆ ಬಾಗಿಲು ದಾಟಿದರೆ ಕಂಬಗಳ ಸಾಲಿನ ನಡುವೆ ಉದ್ದನೆಯ ಓಣಿ, ಆಮೇಲೆ ಅಂಗಳ, ಆಮೇಲೆ ಪ್ರಾರ್ಥನೆಯ ಕೋಣೆ.

ಒಳಗೆ ನಿಂತು ಉಪ್ಪರಿಗೆ ನೋಡಬೇಕು. ಯಹೂದಿಗಳ ಧರ್ಮಗ್ರಂಥ ತೋರಾ ಓದುವ ಕಟಕಟೆ ಎಲ್ಲ ಸಿನಗಾಗ್‌ಗಳಲ್ಲೂ ಇರುತ್ತದೆ. ಕೇರಳದ ಸಿನಗಾಗ್‌ಗಳಲ್ಲಿ ಮಾತ್ರ ಮೇಲೆ ಇನ್ನೊಂದಿದೆ. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿಗೆ ಮತ್ತು ಹಬ್ಬದ ದಿನ ಅಲ್ಲಿಂದ ಓದುತ್ತಿದ್ದರು. ಅದರ ಬೆನ್ನಿಗೇ, ಮರದ ಜಾಲರಿಯ ಆಚೆ, ಹೆಂಗಸರು ಕೂರುವ ಜಾಗ. ಗಂಡಸರಿಗಿಂತ ಅವರಿಗೇ ಓದು ಹತ್ತಿರ ಕೇಳಿಸುತ್ತಿತ್ತು. ಈ ಹೆಂಗಸರು ಮದುವೆಗೆ, ಹಬ್ಬಕ್ಕೆ ಮಲಯಾಳದಲ್ಲಿ ಹಾಡು ಕಟ್ಟಿ ಹಾಡುತ್ತಿದ್ದರು, ಅವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಮದುವೆಯಲ್ಲಿ ವಧುವಿಗೆ ತಾಳಿಯೂ ಇತ್ತು.

ಪರವೂರಿನಲ್ಲಿ ತೋರಾ ಇಡುತ್ತಿದ್ದ ಕೆತ್ತನೆಯ ಬೀರು ಈಗಿರುವುದು ಮೂಲದ್ದಲ್ಲ. ಮೂಲ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ. ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗಿನ ಒಳಭಾಗವನ್ನು ಬಿಚ್ಚಿಕೊಂಡು ಹೋಗಿ ಅಲ್ಲಿ ಜೋಡಿಸಿದ್ದಾರಲ್ಲ, ಅದರೊಳಗೆ. ವಾಪಸ್ ಕೊಡಿ ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ. ಅದರ ಮುಂದೆ ನಿಂತು ಪ್ರಾರ್ಥಿಸಿದವರ ಮಕ್ಕಳು ಮೊಮ್ಮಕ್ಕಳೂ ಆ ದೇಶದಲ್ಲೇ ಇದ್ದಾರೆ.

ಚೇಂದಮಂಗಲಂನಲ್ಲಿ ಸಿನಗಾಗಿನ ಮುಂದೆ ಒಂದು ಸಮಾಧಿ ಕಲ್ಲು ನಿಲ್ಲಿಸಿದ್ದಾರೆ. ಇಸ್ರೇಲ್ ಎಂಬುವವನ ಮಗಳು ಸಾರಾ ತೀರಿಕೊಂಡದ್ದು 1269ರಲ್ಲಿ. ಭಾರತದಲ್ಲಿ ಸಿಕ್ಕಿರುವ ಅತಿ ಹಳೆಯ ಹೀಬ್ರೂ ಶಾಸನ ಇದು ಎನ್ನುತ್ತಾರೆ. ರಾಜ ಕೊಟ್ಟ ತಾಮ್ರಪಟ ಎಲ್ಲರಿಗೂ ಗೊತ್ತು, 2017ರಲ್ಲಿ ನಮ್ಮ ಪ್ರಧಾನಿ ಅದರ ಪ್ರತಿಕೃತಿಯನ್ನು ಇಸ್ರೇಲಿನ ಪ್ರಧಾನಿಗೆ ಉಡುಗೊರೆ ಕೊಟ್ಟದ್ದು ಟಿವಿಯಲ್ಲೂ ಬಂತು. ಸಾರಾಳ ಕಲ್ಲನ್ನು ಕೇಳುವವರು ಕಮ್ಮಿ.

ಇನ್ನು ಲೇಖನ ಪೂರ್ತಿ ಬಿಟ್ಟುಬಿಟ್ಟ ಸಂಗತಿಗೆ ಬರುತ್ತೇನೆ. ಕೊಚ್ಚಿಯ ಯಹೂದಿಗಳಲ್ಲೇ ಮೇಲು ಕೀಳು ಇತ್ತು. ಯುರೋಪು, ಅರಬ್ ನಾಡುಗಳಿಂದ ಆಮೇಲೆ ಬಂದ ಪರದೇಸಿಗಳು ಬಿಳಿಯರು ಎನಿಸಿಕೊಂಡರು. ಅವರಿಗಿಂತ ಎಷ್ಟೋ ಮೊದಲಿನಿಂದ ಇದ್ದ ಮಲಬಾರಿ ಯಹೂದಿಗಳನ್ನು ಕರಿಯರು ಎಂದು ಕರೆದು ಹೆಣ್ಣು ಕೊಟ್ಟು ತರುವುದನ್ನು ದೂರ ಇಟ್ಟರು. ಪರದೇಸಿಗಳ ಮನೆಯಲ್ಲಿ ಜೀತಕ್ಕಿದ್ದು ಬಿಡುಗಡೆಯಾದವರ ಪಾಡು ಇನ್ನೂ ಕಡೆ. ಅವರ ಸಂತತಿಗೂ ಸಿನಗಾಗಿನಲ್ಲಿ ಬೆಂಚಿನ ಮೇಲೆ ಜಾಗವಿಲ್ಲ, ತೋರಾ ಓದಲು ಕರೆಯಿಲ್ಲ. ಹಾಗೆ ಬಿಡುಗಡೆಯಾದವರ ಸಂತತಿಯಲ್ಲೇ ಹುಟ್ಟಿದ ವಕೀಲ ಎ.ಬಿ. ಸೇಲಂ ಗಾಂಧೀಜಿಯ ದಾರಿ ಹಿಡಿದು ಸಿನಗಾಗಿನ ಒಳಗೇ ಸತ್ಯಾಗ್ರಹ ಹೂಡಿದರು. ಕಟ್ಟುಪಾಡುಗಳು ಒಂದೊಂದಾಗಿ ಸಡಿಲವಾದವು. ಜನ ಅವರನ್ನು ಯಹೂದಿ ಗಾಂಧಿ ಎಂದರು. ಫೋಟೊದಲ್ಲಿ ಇಷ್ಟು ಚಂದ ಕಾಣುವ ಆ ಜ್ಯೂ ಟೌನ್ ಬೀದಿಗೆ ಈಗ ಅವರದೇ ಹೆಸರಿದೆ.

ಪಂಕ್ತಿ, ಪ್ರವೇಶ, ಬಾವಿ ನೀರಿನ ಜಗಳ ನೋಡಿ ಬೆಳೆದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕೇ? ಬಂದವರಿಗೆ ನಾವು ಜಾಗವನ್ನೂ ಕೊಟ್ಟೆವು, ನಮ್ಮ ರೋಗವನ್ನೂ ಅಂಟಿಸಿದೆವು.

ಕೊಚ್ಚಿಯ ಯಹೂದಿಗಳು ಊರು ಬಿಟ್ಟು ಹೋದದ್ದು ಯಾರೂ ಓಡಿಸಿ ಅಲ್ಲ ಎಂಬುದು ಸರಿ. ಎರಡು ಸಾವಿರಕ್ಕೂ ಮಿಕ್ಕಿದ್ದ ಜನರಲ್ಲಿ ಹೆಚ್ಚಿನವರು 1950ರ ದಶಕದಲ್ಲೇ ಇಸ್ರೇಲಿಗೆ ಹೊರಟರು. ಅಲ್ಲಿಯೂ ಬಾಗಿಲು ತಕ್ಷಣ ತೆರೆಯಲಿಲ್ಲ. ಆನೆಕಾಲು ರೋಗ ತರುತ್ತಾರೆಂಬ ಹೆದರಿಕೆಯಿಂದ ತಡೆಹಿಡಿದಿದ್ದರು. ಕೊನೆಗೆ ವ್ಯಾಪಾರ ಮಾಡಿಕೊಂಡಿದ್ದವರ ಕೈಗೆ ಗುದ್ದಲಿ ಕೊಟ್ಟು ನೆಗೆವ್ ಮರುಭೂಮಿಯ ನೆವಾಟಿಂನಂಥ ಹಳ್ಳಿಗಳಲ್ಲಿ ಕೂರಿಸಿದರು. ನೆವಾಟಿಂನಲ್ಲಿ ಅವರೇ ಕೊಚ್ಚಿಯ ನೆನಪಿಗೆ ಒಂದು ಮ್ಯೂಸಿಯಂ ಮಾಡಿಕೊಂಡಿದ್ದಾರೆ.

ನಾನು ಮಂಗಳೂರಿನವನಾದ್ದರಿಂದ ಊರಿನ ಒಂದು ಬೇಡಿಕೆಯನ್ನೂ ಇಲ್ಲೇ ಸೇರಿಸುತ್ತೇನೆ. ಟ್ಯುನೀಸಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1132ರ ಹೊತ್ತಿಗೆ ಇಲ್ಲಿದ್ದ. 1149ರವರೆಗೆ ಹೆಚ್ಚಾಗಿ ಈ ಕರಾವಳಿಯಲ್ಲೇ ವ್ಯವಹಾರ. ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಕಂಚು ಹಿತ್ತಾಳೆ ಎರಕದ ಕಾರ್ಖಾನೆಯೂ ಇತ್ತು. ಯೆಮೆನ್ನಿನ ಬಂದರು ಏಡನ್ನಿನ ಗೆಳೆಯರು ಒಡೆದ ಪಾತ್ರೆಗಳನ್ನು ಹಡಗಿಗೆ ಹಾಕಿ ಕಳಿಸಿ ಹೊಸದು ಮಾಡಿಸಿಕೊಡು ಎಂದು ಬರೆಯುತ್ತಿದ್ದರು. ಜೊತೆಗೆ ಸಕ್ಕರೆ, ಒಣದ್ರಾಕ್ಷಿ, ಕಾಗದ ಬರುತ್ತಿತ್ತು. ಬಂದ ಕಾಗದದ ಬೆನ್ನಿಗೆ ಈತ ಲೆಕ್ಕ ಗೀಚುತ್ತಿದ್ದ. ಆಶು ಎಂಬ ಗುಲಾಮ ಹೆಣ್ಣನ್ನು ಕೊಂಡು ಬಿಡುಗಡೆ ಮಾಡಿದ ಪತ್ರ ಬರೆದದ್ದು ಇದೇ ಮಂಗಳೂರಿನಲ್ಲಿ, 1132ರ ಅಕ್ಟೋಬರಿನಲ್ಲಿ. ಅವಳಿಂದ ಮಕ್ಕಳಾದವು. ಬೊಮ್ಮ ಎಂದು ವಿದ್ವಾಂಸರು ಓದುವ ಹೆಸರಿನ ಆಳು ಒಡೆಯನ ಪರವಾಗಿ ಏಡನ್‌ಗೆ ಹೋಗಿ ಬಂದ. ಕೈರೋದ ಹಳೆಯ ಸಿನಗಾಗ್ ಒಂದರ ಉಗ್ರಾಣದಲ್ಲಿ ಈ ಕಾಗದಗಳು ಉಳಿದವು, ಈಗ ಕೇಂಬ್ರಿಜ್‌ನಲ್ಲಿ ಬಹಳಷ್ಟಿವೆ. ಇಂಟರ್‌ನೆಟ್ಟಿನಲ್ಲಿ ಚಿತ್ರಗಳನ್ನು ಸುಮ್ನೆ ತೆರೆದು ನೋಡಬಹುದು.

ಮಂಗಳೂರಿನ ಬಗ್ಗೆ ಅಷ್ಟು ಹಿಂದಿನ ಇಂಥ ಮನೆವಾರ್ತೆಯ ದಾಖಲೆ ಬೇರೆಲ್ಲಿದೆ? ಬಿಜೈಯ ಶ್ರೀಮಂತಿಬಾಯಿ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಕೋಣೆ ಸಾಕು. ಆ ಪತ್ರಗಳ ದೊಡ್ಡ ಪ್ರತಿಗಳು, ಪಕ್ಕದಲ್ಲಿ ಕನ್ನಡ ಮತ್ತು ತುಳು ವಿವರಣೆ, ಹಡಗಿನ ದಾರಿ ತೋರಿಸುವ ನಕ್ಷೆ. ದೊಡ್ಡ ಖರ್ಚಿನ ಬಾಬತ್ತಲ್ಲ. ಒಂದು ಷರತ್ತು: ಆಶು ಗುಲಾಮಳಾಗಿದ್ದಳು, ಅವಳಿಗೆ ಬೆಲೆ ಕಟ್ಟಿದ್ದರು ಎಂಬುದನ್ನೂ ದಪ್ಪ ಅಕ್ಷರದಲ್ಲೇ ಹಾಕಬೇಕು. ನಮ್ಮ ಬಂದರಿನ ಸೌಹಾರ್ದ ಎಂಬ ತಲೆಬರಹ ಕೊಟ್ಟು ಕೈ ತೊಳೆದುಕೊಳ್ಳುವುದಾದರೆ ಬೇಡ.

ಕೊಚ್ಚಿಗೆ ಹೊರಟಿರುವ ಓದುಗರಿಗೆ ಒಂದು ಮಾತು. ಪರದೇಸಿ ಸಿನಗಾಗಿಗೆ ಶನಿವಾರ ರಜೆ. ವಾರಾಂತ್ಯದ ಪ್ರವಾಸವಾದರೆ ಶನಿವಾರ ಪರವೂರು, ಚೇಂದಮಂಗಲಂ ನೋಡಿ ಭಾನುವಾರ ಮಟ್ಟಾಂಚೇರಿಗೆ ಬನ್ನಿ.

ಇತಿ,
ನಿಮ್ಮ ಓದುಗ
ಮಂಗಳೂರು