ಆ ಇನ್ನೋವಾಕ್ಕೆ ಮುಂಗಡ ಕೊಡುವ ಮೊದಲು

ಮಸ್ಕತ್

ಅಪ್ಪನಿಗೂ ಅವ್ವನಿಗೂ ನಮಸ್ಕಾರ.

ಗೋಣಿಕೊಪ್ಪದಲ್ಲಿ ನೋಡಿಟ್ಟಿರುವ 2012ರ ಡೀಸೆಲ್ ಇನ್ನೋವಾ ವಿಷಯ ತಮ್ಮ ಹೇಳಿದ. 2,40,000 ಕಿಲೋಮೀಟರ್ ಓಡಿದೆ ಅಂತ ನೀವು ಹಿಂದೆಮುಂದೆ ನೋಡುತ್ತಿದ್ದೀರಂತೆ. ಅಪ್ಪ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ್ದರೆ ಆ 2.5 ಲೀಟರ್ ಎಂಜಿನ್‌ಗೆ ಅದೇನೂ ದೊಡ್ಡ ಓಟವಲ್ಲ. ನಮ್ಮ ಕೊಡಗಿನ ಮಳೆಯಲ್ಲಿ ಗಾಡಿ ಹಾಳಾಗುವುದು ಓಟದಿಂದಲ್ಲ, ತುಕ್ಕಿನಿಂದ. ಅದಕ್ಕೇ ಬಾನೆಟ್ ಎತ್ತುವ ಮೊದಲು ಅಡಿಗೆ ಇಳಿದು ನೋಡಿ.

ಗ್ಯಾರೇಜಿನ ಪಿಟ್ ಮೇಲೆ ನಿಲ್ಲಿಸಿ ಟಾರ್ಚ್ ಹಾಕಿ. ಇನ್ನೋವಾಕ್ಕೆ ಲಾರಿಯ ಹಾಗೆ ಪ್ರತ್ಯೇಕ ಚಾಸಿ, ಅಂದರೆ ಬಾಡಿಯ ಕೆಳಗೆ ಬೇರೆಯೇ ಕಬ್ಬಿಣದ ಚೌಕಟ್ಟು, ಇದೆ. ಹಿಂದಿನ ಚಕ್ರದ ಮೇಲೆ ಅದು ಬಾಗುವ ಜಾಗ, ಕಾಯಿಲ್ ಸ್ಪ್ರಿಂಗ್ ಕೂರುವ ಬಟ್ಟಲು, ಬ್ರೇಕ್ ಪೈಪ್ ಹಾದುಹೋಗುವ ಅಂಚು, ಇಲ್ಲೆಲ್ಲ ತೋಟದ ಕೆಸರು ಕೂತು ತಿಂಗಳುಗಟ್ಟಲೆ ಒದ್ದೆಯಾಗಿರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಠಣ್ ಅಂದರೆ ಗಟ್ಟಿ. ಸದ್ದು ಮಂದವಾಗಿ ಪದರ ಪದರ ಉದುರಿದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಅಡಿಗೆ ಹೊಸದಾಗಿ ಕಪ್ಪು ಬಳಿದಿದ್ದರೆ ಇನ್ನೂ ಹುಷಾರಾಗಿ ತಟ್ಟಿ. 2018ರ ಆಗಸ್ಟ್ ನೆರೆಯಲ್ಲಿ ನೀರು ಕುಡಿದ ಗಾಡಿಯೋ ಏನೋ ಅಂತಲೂ ನೋಡಬೇಕು: ಸೀಟ್ ಬೆಲ್ಟ್ ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ ಕಾಣುತ್ತದೆ, ಸೀಟಿನ ಹಳಿ ತುಕ್ಕು ಹಿಡಿದಿರುತ್ತದೆ.

ಎಂಜಿನ್ ನೋಡಲು ಬೆಳಿಗ್ಗೆಯೇ ಹೋಗಿ, ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಅಂತ ಹೇಳಿರಿ. ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಎಂಜಿನ್ ಕಾದ ಮೇಲೂ ನಿಲ್ಲದೆ, ಕೂಲಂಟ್ ಕೂಡ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್, ಹೆಡ್ ನಡುವಿನ ಸೀಲು) ಮೇಲೆ ಅನುಮಾನ ಪಡಬೇಕು. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ) ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅಲ್ಲೇ ಬೋರಲು ಇಡಿ. ಸ್ವಲ್ಪ ಅಲುಗಿದರೆ ಪರವಾಗಿಲ್ಲ; ಕುಣಿದು ಬಿದ್ದು, ದಟ್ಟ ಹೊಗೆ ನೂಕಿ ಬಂದರೆ ಪಿಸ್ಟನ್ ರಿಂಗ್ ಸವೆದಿದೆ, ಎಂಜಿನ್ ಬಿಚ್ಚುವ ಕೆಲಸ ಅದು.

ಈ ಎಂಜಿನ್‌ಗೆ ಇರುವುದು ಟೈಮಿಂಗ್ ಬೆಲ್ಟ್ (ಪಿಸ್ಟನ್ ಓಟಕ್ಕೆ ಹೊಂದಿಸಿ ವಾಲ್ವ್ ತೆರೆಸುವ ಪಟ್ಟಿ), ಚೈನ್ ಅಲ್ಲ. ಅದು ಕಡಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. ಯಾವ ಓಟದಲ್ಲಿ ಬದಲಿಸಿದ್ದು ಅನ್ನುವುದಕ್ಕೆ ಬಿಲ್ ಕೇಳಿ. ಬಿಲ್ ಇಲ್ಲವಾದರೆ ಬದಲಿಸಿಲ್ಲ ಅಂತಲೇ ಲೆಕ್ಕ. ಬೆಲ್ಟ್, ಅದನ್ನು ಬಿಗಿಹಿಡಿಯುವ ಟೆನ್ಷನರ್ ಎರಡರ ಖರ್ಚನ್ನೂ ಬೆಲೆಯಲ್ಲಿ ಕಳೆಯಿರಿ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಗಾಡಿ ನಂಬರ್ ಕೊಟ್ಟು ಹಳೆಯ ದಾಖಲೆ ವಿಚಾರಿಸಿದರೆ ಮೀಟರ್ ತಿರುಗಿಸಿದ್ದಾರೋ ಅನ್ನುವುದೂ ಗೊತ್ತಾಗುತ್ತದೆ.

ಆಮೇಲೆ ಪೆರುಂಬಾಡಿಯಿಂದ ಮಾಕುಟ್ಟ ಘಾಟ್ ಇಳಿದು ವಾಪಸ್ ಹತ್ತಿಸಿ. ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಏನೂ ತಿಳಿಯುವುದಿಲ್ಲ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮಾತ್ರ ಕೂಗಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಹತ್ತುವಾಗ ಟೆಂಪರೇಚರ್ ಮುಳ್ಳು ಮಧ್ಯದಿಂದ ಮೇಲೆ ಹೋಗಬಾರದು. ಇಳಿಯುವಾಗ ಎರಡನೇ ಗೇರ್ ತಾನಾಗಿ ಬಿಟ್ಟುಕೊಳ್ಳಬಾರದು.

ಕ್ಲಚ್, ಬುಷ್, ಬ್ರೇಕ್ ಪ್ಯಾಡ್, ಬ್ಯಾಟರಿ, ಟೈರ್ ಇವೆಲ್ಲ ಚೌಕಾಸಿಗೆ ಸಿಗುವ ವಿಷಯ. ಬೆಲೆಯ ಐದನೇ ಒಂದು ಭಾಗವಾದರೂ ಇಂಥ ರಿಪೇರಿಗೆ ಅಂತ ಕೈಯಲ್ಲಿ ಉಳಿಸಿಕೊಳ್ಳಿ.

ಆರ್‌ಸಿ ಅವಧಿ 15 ವರ್ಷ, ಅಂದರೆ 2027ಕ್ಕೆ ಮುಗಿಯುತ್ತದೆ. ನಂತರ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟ್) ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಚಾಸಿ ಗಟ್ಟಿಯಿರಲಿ ಅಂತ ಒತ್ತಿ ಹೇಳುವುದು ಅದಕ್ಕೂ ಸೇರಿ. ಮೊದಲು ಹಳದಿ ಬೋರ್ಡ್ ಇತ್ತೇ, ಬ್ಯಾಂಕ್ ಸಾಲ ತೀರಿದೆಯೇ, ದಂಡ ಬಾಕಿ ಇದೆಯೇ ನೋಡಿ. ಗಾಡಿ ನಿಮ್ಮ ಹೆಸರಿಗೆ ಬರಲು ಫಾರಂ 29, 30ಕ್ಕೆ ಮಾರುವವರ ಸಹಿ ಬೇಕು. ಸಾಲವಿದ್ದ ಗಾಡಿಯಾದರೆ, ಅದು ತೀರಿದ್ದಕ್ಕೆ ಫಾರಂ 35 ಕೂಡ.

ಚಾಸಿಯ ಫೋಟೋ, ತಣ್ಣಗಿನ ಸ್ಟಾರ್ಟಿನ ವೀಡಿಯೋ ತಮ್ಮನಿಂದ ಕಳಿಸಿ. ನಾನು ನೋಡಿ ಹೇಳುವವರೆಗೆ ಮುಂಗಡ ಕೊಡಬೇಡಿ.

ಇಂತಿ,
ನಿಮ್ಮ ಮಗ