ಕಪ್ಪು ಕಿಟಕಿಯಲ್ಲಿ ಒಡೆಯುವ ಒತ್ತಕ್ಷರ

ಮಾನ್ಯ ಸಂಪಾದಕರೇ,

ಸಾಗರದ ಪೇಟೆಯಲ್ಲಿ 27 ವರ್ಷಗಳಿಂದ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆ ಕರೆಯೋಲೆ, ವೈಕುಂಠ ಸಮಾರಾಧನೆ ಕಾರ್ಡು, ಸೊಸೈಟಿಯ ವಾರ್ಷಿಕ ವರದಿ, ಆಗೊಮ್ಮೆ ಈಗೊಮ್ಮೆ ಒಂದು ಅಭಿನಂದನ ಗ್ರಂಥ. ಕಂಪ್ಯೂಟರ್ ಓದಿದವಳಲ್ಲ. ಹಳೆಯ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲುಗಳನ್ನು ಎಲ್ಲ ಕಂಪ್ಯೂಟರಿಗೂ ಸಲ್ಲುವ ಯೂನಿಕೋಡಿಗೆ ತಿರುಗಿಸಲು ತಂಗಿಯ ಮಗ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದುಕೊಟ್ಟ. ಅದು ಓಡುವುದು ಲಿನಕ್ಸ್ ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿಯಲ್ಲಿ. ಹಾಗಾಗಿ ಆ ಕಪ್ಪು ಕಿಟಕಿಯ ಜೊತೆ ದಿನಾ ಒಡನಾಟ.

ಕನ್ನಡದ ಕೆಲಸ ಅಲ್ವಾ, ಫೈಲಿನ ಹೆಸರೂ ಕನ್ನಡದಲ್ಲೇ ಇಡುತ್ತೇನೆ. ಒಂದು ಸಂಜೆ ಪಟ್ಟಿಯಲ್ಲಿ ‘ಅಣ್ಣಪ್ಪ-ಮದುವೆ’, ‘ಅಣ್ಣಯ್ಯ-ಮದುವೆ’ ಅಂತ ಎರಡು ಫೈಲು ಇದ್ದವು. ಅಣ್ಣಯ್ಯನವರ ಮನೆ ಮದುವೆ ಮುಗಿದಿತ್ತು, ಅದನ್ನು ಅಳಿಸಬೇಕಿತ್ತು. ನನ್ನ ಟರ್ಮಿನಲ್‌ನಲ್ಲಿ ಒತ್ತುಗಳು ಪಕ್ಕದ ಅಕ್ಷರದ ಮೇಲೆ ಹತ್ತಿ ಕೂತು, ಎರಡೂ ಹೆಸರು ಒಂದೇ ಥರ ಕಾಣುತ್ತಿದ್ದವು. ಮೌಸಿನಲ್ಲಿ ಎಳೆದು ಕಾಪಿ ಮಾಡಿದೆ, ಅಳಿಸುವ ಆಜ್ಞೆ ‘ಆರ್‌ಎಂ’ ಮುಂದೆ ಪೇಸ್ಟ್ ಮಾಡಿದೆ, ಎಂಟರ್ ಒತ್ತಿದೆ. ಹೋದದ್ದು ಅಣ್ಣಪ್ಪನವರ ಫೈಲು. ಆ ಆಜ್ಞೆಯಲ್ಲಿ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ. ರಾತ್ರಿ ಹನ್ನೊಂದೂವರೆವರೆಗೆ ಕೂತು ‘ಆಗಮನಾಭಿಲಾಷಿಗಳು’ ತನಕ ಎಲ್ಲ ಮತ್ತೆ ಟೈಪ್ ಮಾಡಿದೆ.

ಒಂದು ತರಬೇತಿ ಕೇಂದ್ರದಲ್ಲಿ ಇದನ್ನು ಹೇಳಿಕೊಂಡೆ. ಅಲ್ಲಿನ ಮೇಷ್ಟ್ರು ನಕ್ಕು, “ಫೈಲಿನ ಹೆಸರು ಇಂಗ್ಲಿಷಿನಲ್ಲಿ ಇಡಿ ಮೇಡಂ, ಸುಮ್ನೆ ಯಾಕೆ ತೊಂದರೆ” ಅಂದರು. ಈ ಪತ್ರ ಬರೆಯುತ್ತಿರುವುದು ಆ ಮಾತಿಗೆ.

ತೊಂದರೆ ಕನ್ನಡದ್ದಲ್ಲ. ಟರ್ಮಿನಲ್ ಅನ್ನುವ ಪ್ರೋಗ್ರಾಂ ಹಳೆಯ ಯಂತ್ರವೊಂದರ ಅನುಕರಣೆ. ಡೆಕ್ ಕಂಪನಿಯ ವಿಟಿ100 ಎಂಬ ಪರದೆ 1978ರಲ್ಲಿ ಬಂತು. ಸಾಲಿಗೆ 80 ಅಕ್ಷರ, ಒಟ್ಟು 24 ಸಾಲು. ಚೌಕಾಬಾರದ ಮಣೆ ಇದ್ದ ಹಾಗೆ, ಒಂದು ಮನೆಗೆ ಒಂದು ಅಕ್ಷರ. ಇಂಗ್ಲಿಷಿನ ಸಪೂರ ‘ಐ’ಗೂ ದಪ್ಪ ‘ಎಂ’ಗೂ ಒಂದೇ ಅಳತೆಯ ಮನೆ. ಇವತ್ತಿನ ಟರ್ಮಿನಲ್‌ಗಳೂ ಅದೇ ಮನೆ ಲೆಕ್ಕ ಹಿಡಿದು ನಡೆಯುತ್ತವೆ. ನಮ್ಮ ‘ಸ್ತ್ರೀ’ ನೋಡಿ. ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿನ ಒಳಗೆ ಸ, ವಿರಾಮ (ಸ್ವರ ತೆಗೆಯುವ ಗುರುತು), ತ, ವಿರಾಮ, ರ, ಈಕಾರದ ಗುರುತು ಅಂತ ಆರು ತುಂಡು. ಅದನ್ನು ಎಷ್ಟು ಮನೆಯಲ್ಲಿ ಕೂರಿಸಬೇಕು ಅನ್ನುವುದೇ ಟರ್ಮಿನಲ್‌ಗೆ ಹೊಳೆಯುವುದಿಲ್ಲ. ಎಲ್ಲ ಟರ್ಮಿನಲ್‌ಗಳೂ ಒಂದೇ ಸಮ ಕೆಡಿಸುವುದಿಲ್ಲ, ನಿಜ. ನನ್ನದು ಚೆನ್ನಾಗಿಯೇ ಕೆಡಿಸುತ್ತದೆ.

ದಾರಿ ಸಿಕ್ಕಿದ್ದು ಈಮ್ಯಾಕ್ಸ್ ಎಂಬ ಎಡಿಟರ್‌ನಲ್ಲಿ, ಅಂದರೆ ಪಠ್ಯ ಬರೆಯುವ ತಂತ್ರಾಂಶದಲ್ಲಿ. 1976ರಲ್ಲಿ ಎಂಐಟಿಯಲ್ಲಿ ಹುಟ್ಟಿದ್ದು, ಈಗಿನ ಉಚಿತ ಗ್ನೂ ಆವೃತ್ತಿಯನ್ನು ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಹೊರತಂದರು. ಅದರೊಳಗೆ ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ ‘ಶೆಲ್’ ಅಂತ ಟೈಪ್ ಮಾಡಿದರೆ ಆಜ್ಞೆ ಕೊಡುವ ಜಾಗ ಎಡಿಟರ್ ಒಳಗೇ ತೆರೆದುಕೊಳ್ಳುತ್ತದೆ. ಮೊದಲ ಸಲ ಅಲ್ಲಿ ಫೈಲುಗಳ ಪಟ್ಟಿ ತೋರಿಸುವ ‘ಎಲ್‌ಎಸ್’ ಆಜ್ಞೆ ಕೊಟ್ಟಾಗ ಅಣ್ಣಪ್ಪ, ಅಣ್ಣಯ್ಯ ಇಬ್ಬರೂ ಕರೆಯೋಲೆಯಲ್ಲಿ ಅಚ್ಚಾದಷ್ಟೇ ಸ್ಪಷ್ಟವಾಗಿ ಕಂಡರು! ಅಲ್ಲಿ ಮನೆ ಲೆಕ್ಕ ಇಲ್ಲ. ಆ ಜಾಗ ಒಂದು ಮಾಮೂಲಿ ಬರವಣಿಗೆಯ ಪುಟ. ಪುಟದ ಅಕ್ಷರ ಜೋಡಿಸುವುದು ಹಾರ್ಫ್‌ಬಜ್ ಎಂಬ ತಂತ್ರಾಂಶ. 2020ರಲ್ಲಿ ಬಂದ 27ನೇ ಆವೃತ್ತಿಯಿಂದ ಈಮ್ಯಾಕ್ಸ್ ಅದನ್ನು ಬಳಸುತ್ತಿದೆ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್‌ನಲ್ಲಿ ಕನ್ನಡ ಜೋಡಿಸುವುದೂ ಅದೇ.

ಒಂದು ಎಚ್ಚರ. ಈಮ್ಯಾಕ್ಸನ್ನು ಅದರ ಸ್ವಂತ ಕಿಟಕಿಯಲ್ಲೇ ತೆರೆಯಬೇಕು. ಟರ್ಮಿನಲ್ ಒಳಗೆ ಈಮ್ಯಾಕ್ಸ್ ತೆರೆದು ಅದರೊಳಗೆ ಶೆಲ್ ತೆರೆದರೆ ಮತ್ತೆ ಅದೇ ಮಣೆ, ಅದೇ ಮನೆ. ನಾನೇ ಒಂದು ದಿನ ಹಾಗೆ ಮಾಡಿ ಪೆಚ್ಚಾದೆ.

ತಂಗಿಯ ಮಗ ಒಪ್ಪುವುದಿಲ್ಲ. “ದೊಡ್ಡಮ್ಮ, ವಿಮ್‌ನಲ್ಲೂ 2018ರಿಂದ ಟರ್ಮಿನಲ್ ಇದೆ, ವಿಎಸ್ ಕೋಡ್‌ನಲ್ಲಿ ಕಂಟ್ರೋಲ್ ಜೊತೆ ಒಂದು ಕೀಲಿ ಒತ್ತಿದರೆ ಸಾಕು” ಅನ್ನುತ್ತಾನೆ. ಇವೆರಡೂ ಬೇರೆ ಎಡಿಟರ್‌ಗಳು. ಇದೆಯಪ್ಪಾ, ಇಲ್ಲ ಅಂದವರು ಯಾರು? ಆದರೆ ಅಲ್ಲಿ ಒಳಗೆ ಕೂರುವುದು ಅದೇ ಮನೆ ಲೆಕ್ಕದ ಟರ್ಮಿನಲ್. ಅವನಿಗೆ ಕೋಡ್ ಬರೆಯಲು ಅದು ಸಾಕು, ನನ್ನ ಒತ್ತಕ್ಷರಕ್ಕೆ ಸಾಲದು.

ಈಮ್ಯಾಕ್ಸ್ ಶೆಲ್‌ನಲ್ಲೂ ಕಿರಿಕಿರಿ ಇದೆ. ಹಿಂದೆ ಕೊಟ್ಟ ಆಜ್ಞೆ ಬೇಕೆಂದು ಮೇಲ್ಬಾಣ ಒತ್ತಿದರೆ ಕರ್ಸರ್ ಪುಟದಲ್ಲಿ ಮೇಲೆ ಹೋಗಿ ನಿಲ್ಲುತ್ತದೆ. ಆಲ್ಟ್ ಜೊತೆ ಪಿ ಒತ್ತಬೇಕು. ಬೆರಳಿಗೆ ರೂಢಿಯಾಗಲು ನನಗೆ ಒಂದು ತಿಂಗಳು ಬೇಕಾಯಿತು. ‘ಟಾಪ್’ ಥರ ಇಡೀ ಪರದೆಯನ್ನು ಮತ್ತೆ ಮತ್ತೆ ಬರೆಯುವ ಪ್ರೋಗ್ರಾಂಗಳು ಅಲ್ಲಿ ಸರಿಯಾಗಿ ನಡೆಯುವುದಿಲ್ಲ. ಅವಕ್ಕೆ ‘ಆನ್ಸಿ-ಟರ್ಮ್’ ಎಂಬ ಬೇರೆ ವ್ಯವಸ್ಥೆ ಇದೆ. ಪಟ್ಟಿಯ ಕಂಬಸಾಲುಗಳೂ ಸೊಟ್ಟಗಾಗುತ್ತವೆ. ನಾನು ಸಾಲಿಗೊಂದೇ ಹೆಸರು ಬರುವಂತೆ ಮಾಡಿಕೊಂಡಿದ್ದೇನೆ.

ಲಾಭ ಮಾತ್ರ ಜಾಸ್ತಿ. ಸ್ಕ್ರಿಪ್ಟ್ ಇನ್ನೂರು ಸಾಲು ಉಗುಳಿದರೂ ಅದೆಲ್ಲ ಪಠ್ಯವೇ. ಕಂಟ್ರೋಲ್ ಎಸ್ ಒತ್ತಿ ‘ಜ್ಞ’ ಅಂತ ಹುಡುಕಿದರೆ, ನುಡಿಯಿಂದ ತಿರುಗಿಸುವಾಗ ಅದು ಎಲ್ಲೆಲ್ಲಿ ಕೆಟ್ಟಿದೆ ಅಂತ ಒಂದೊಂದಾಗಿ ನೋಡಬಹುದು. ಮಾಮೂಲಿ ಟರ್ಮಿನಲ್‌ನಲ್ಲಿ ಅದೇ ಕೀಲಿ ಒತ್ತಿದರೆ ಪರದೆ ಸ್ತಬ್ಧ. ಕಂಟ್ರೋಲ್ ಕ್ಯೂ ಒತ್ತುವವರೆಗೆ ಮಿಸುಕುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಸಲ ಕಂಪ್ಯೂಟರನ್ನೇ ಆಫ್ ಮಾಡಿದ್ದೇನೆ.

ಪತ್ರಿಕೆಗಳಲ್ಲಿ ಲಿನಕ್ಸ್ ಬಗ್ಗೆ ಬರೆಯುವವರಲ್ಲಿ, ಕನ್ನಡ ಮಾಧ್ಯಮದ ಮಕ್ಕಳಿಗೆ ಕಲಿಸುವವರಲ್ಲಿ ಒಂದು ಕೋರಿಕೆ. ಉದಾಹರಣೆಯ ಫೈಲಿಗೆ ‘ಟೆಸ್ಟ್ 1’ ಅಂತ ಹೆಸರಿಡಬೇಡಿ. ‘ಅಣ್ಣಪ್ಪ’ ಅಂತ ಇಟ್ಟು, ಯಾವ ಕಿಟಕಿಯಲ್ಲಿ ಹೇಗೆ ಕಾಣುತ್ತದೆ ಅಂತ ಪರದೆಯ ಚಿತ್ರ ಸಮೇತ ತೋರಿಸಿ.

ಒಬ್ಬ ಡಿಟಿಪಿ ಕೆಲಸಗಾರ್ತಿ, ಸಾಗರ